ಅಳತೆಗೆ ನಿಂತವನು

ಕೋಲಾರದ ಈ ಮ್ಯೂಸಿಯಮ್ಮಿನ ಮಹಡಿಯಲ್ಲಿ
ಕಿಟಕಿಗೆ ಜಾಲರಿ ಬಡಿಸಿದ್ದು ಕಳ್ಳರಿಗಲ್ಲ,
ಅಂತರಗಂಗೆಯ ಕೋತಿಗಳಿಗೆ.
ಹೋದ ವರ್ಷ ಒಂದು ನುಗ್ಗಿ
ದೇವಾಲಯ ವಾಸ್ತುವಿನ ಎರಡನೇ ಸಂಪುಟದ
ಬೆನ್ನು ಕಿತ್ತು ತಿಂದಿತು, ಗೋಂದಿನ ರುಚಿಗೆ.
"ಅಂತೂ ಒಬ್ಬರು ಬಿಡಿಸಿ ನೋಡಿದ್ರಲ್ಲ ಮೇಡಂ"
ಅಂದ ಅಟೆಂಡರ್ ಮುನಿಯಲ್ಲಪ್ಪ.

ನನ್ನ ಕೆಲಸ ಪಟ್ಟಿ ಮಾಡುವುದು.
ಶಾಸನದ ಮಸಿಯಚ್ಚು, ಚಾಪೆಯಂತೆ ಸುತ್ತಿ
ಬೇವಿನ ಸೊಪ್ಪು ತುರುಕಿದ್ದು.
ಲಂಡನ್ನಿನ ಹರಾಜು ಕ್ಯಾಟಲಾಗು,
ನಮ್ಮ ಕಂಚಿನ ದೇವಿಯ ಪಕ್ಕ ಪೆನ್ಸಿಲ್ಲಿನ ಬೆಲೆ.
ಯಾವುದೋ ಅಮಲ್ದಾರರ ಮನೆಯ ಜರ್ಮನ್ ಪುಸ್ತಕ:
ಹಾಳೆಯಂಚು ಇನ್ನೂ ಕತ್ತರಿಸಿಲ್ಲ,
ಒಳಗೆ ನೂರು ವರ್ಷದ ಕತ್ತಲು ಹಾಗೇ ಇದೆ.
ಆಮೇಲೆ ತೇಗದ ಪೆಟ್ಟಿಗೆ,
ಮುನ್ನೂರ ಹನ್ನೆರಡು ಗಾಜಿನ ನೆಗೆಟಿವ್.

ಬೆಳಕಿಗೆ ಹಿಡಿದರೆ
ಆಕಾಶ ಕಪ್ಪು, ನೆರಳು ಬಿಳಿ,
ಕಂಬಕ್ಕೆ ಒರಗಿ
ತಲೆಯೆಲ್ಲ ನರೆತ ಒಬ್ಬ ಹುಡುಗ.

ಆವನಿ, ೧೯೦೯. ರಿಜಿಸ್ಟರಿನಲ್ಲಿ ಇಷ್ಟೇ:
ಕಂಬ, ದಕ್ಷಿಣ ಮಂಟಪ. ಅಳತೆಗೆ ಹುಡುಗ.
ಕುರುಡುಮಲೆ, ೧೯೧೨: ಗಣಪತಿಯ ಮೊಣಕಾಲಿಗೆ ಬರುತ್ತಾನೆ.
ನಂದಿ, ೧೯೧೪: ಕಲ್ಯಾಣ ಮಂಟಪದ ಬಳ್ಳಿಯಲ್ಲಿ
ಕಲ್ಲಿನ ಗಿಳಿ ಅವನ ಕಿವಿಗೇನೋ ಹೇಳುತ್ತಿದೆ,
ಅವನು ನಗು ತಡೆಯಲಾರದೆ
ಮುಖ ಅಲುಗಿಸಿಬಿಟ್ಟಿದ್ದಾನೆ.
ಬೇತಮಂಗಲದ ಕೆರೆ ಏರಿ, ೧೯೧೭: ವೀರಗಲ್ಲು.
ಮೀಸೆ ಚಿಗುರಿದೆ.
ಅಳತೆಗೆ ಹುಡುಗ.

ವಡೋದರದಿಂದ ಬಂದ ಸಂಶೋಧಕಿ
ಬಿದ್ದುಹೋದ ಒಂದು ಮಂಟಪದ ಎತ್ತರ ಹುಡುಕುತ್ತಿದ್ದಳು.
"ಈ ಹುಡುಗ ಎಷ್ಟಡಿ? ಅದೊಂದು ಸಿಕ್ಕರೆ ಸಾಕು."
ಟೀ ತಂದ ಮುನಿಯಲ್ಲಪ್ಪ ಇಣುಕಿ ನೋಡಿ ಅಂದ:
"ಮಂಟಪ ಬೆಳೆಯಲ್ಲ, ಹುಡುಗ ಬೆಳೀತಾನೆ.
ಬೆಳೆಯೋದನ್ನ ಹಿಡಿದು ಅಳತೆಗೋಲು ಮಾಡಿದ
ಪುಣ್ಯಾತ್ಮ ಯಾರಮ್ಮ?"

ರಟ್ಟಿನ ಫೈಲಿನಲ್ಲಿ ಖರ್ಚಿನ ಚೀಟಿಗಳು.
ಎತ್ತಿನ ಗಾಡಿ, ಒಂದು ರೂಪಾಯಿ ನಾಲ್ಕಾಣೆ.
ಗಾಜು ಹೊರಲು, ನಿಲ್ಲಲು, ಹುಡುಗ, ಎರಡಾಣೆ.
ಕೆಳಗೆ ಎಡಗೈ ಹೆಬ್ಬೆಟ್ಟು:
ಈ ಕೋಣೆಯ ಅತಿ ಚಿಕ್ಕ ಮಸಿಯಚ್ಚು.
ಹೆಸರಿನ ಜಾಗದಲ್ಲಿ 'ಮುನಿ'. ಮುಂದೆ ಹುಳ ತಿಂದ ತೂತು.
ಈ ಜಿಲ್ಲೆಯಲ್ಲಿ ಮುನಿ ಅಂದರೆ
ಬಸ್ಸಿನಲ್ಲಿ ಅರ್ಧ ಜನ ತಿರುಗುತ್ತಾರೆ.
ಮುನಿಯಪ್ಪನೋ ಮುನಿಸಾಮಿಯೋ ಮುನಿವೆಂಕಟನೋ.
"ನಮ್ಮನೇಲೇ ಆರು ಜನ" ಅಂದವನು
ಆ ಹೆಬ್ಬೆಟ್ಟನ್ನು ಸ್ವಲ್ಪ ಹೊತ್ತು ನೋಡಿದ,
ಲೋಟ ಎತ್ತಿಕೊಂಡು ಹೋದ.

೧೯೧೯ರ ಗಾಜಿನಲ್ಲಿ
ಅದೇ ಕ್ಯಾಮರಾ, ಮೂಲೆಯಲ್ಲಿ ಅದೇ ಮಸುಕು.
ಅವನು ನಿಲ್ಲುತ್ತಿದ್ದ ಕಡೆ ಒಂದು ಕೋಲು,
ಅಡಿಗಡಿಗೆ ಕಪ್ಪು ಬಿಳಿ ಬಳಿದದ್ದು.
ಚಿನ್ನದ ಗಣಿಗೆ ಇಳಿದಿರಬಹುದು.
ಎರಡಾಣೆ ಸಾಲದೆ ಜಗಳವಾಡಿರಬಹುದು.
ಹಿಂದಿನ ವರ್ಷ ಊರೂರು ಗುಡಿಸಿದ ಜ್ವರದ ಬಗ್ಗೆ
ನಮ್ಮಲ್ಲಿ ಪುಸ್ತಕವಿಲ್ಲ.
ಅದು ಕಲೆಯ ಇತಿಹಾಸಕ್ಕೆ ಬರುವುದಿಲ್ಲ.

ಸಂಶೋಧಕಿ ಹೋದ ಮೇಲೆ ಹೊಳೆಯಿತು:
ಆ ವೀರಗಲ್ಲು ಕೆಳಗೆ ಅಂಗಳದಲ್ಲೇ ಇದೆ,
ಸೈಕಲ್ ಸ್ಟ್ಯಾಂಡಿನ ಪಕ್ಕ.
ಬುಡ ಸಿಮೆಂಟಿನಲ್ಲಿ ಹೂತಿದೆ; ಇರಲಿ.
ಹಸುಗಳ ಪಟ್ಟಿಯಿಂದ ಮೇಲಿನ ಲಿಂಗದವರೆಗೆ
ಮುನಿಯಲ್ಲಪ್ಪ ಟೇಪು ಹಿಡಿದ, ನಾನು ಬರೆದುಕೊಂಡೆ.
ಫೋಟೋದಲ್ಲಿ ಹುಡುಗನ ನೆತ್ತಿ
ಸತ್ತ ವೀರನನ್ನು ಎತ್ತಿ ಒಯ್ಯುವ
ಅಪ್ಸರೆಯರ ಕಾಲಿಗೆ ತಾಗುತ್ತದೆ.
ಗುಣಿಸಿದೆ, ಭಾಗಿಸಿದೆ, ತಪ್ಪಾಯಿತು, ಮತ್ತೆ ಮಾಡಿದೆ.

ಹೊಸ ಕಾರ್ಡಿನಲ್ಲಿ ಬರೆದೆ:
ಮುನಿ. ಬೇತಮಂಗಲ, ೧೯೧೭.
ಐದಡಿ ನಾಲ್ಕಿಂಚು.
ಅಳತೆಗೆ ವೀರಗಲ್ಲು.

ಯಾವ ಡ್ರಾಯರಿಗೆ ಸೇರಿಸಬೇಕೋ ತಿಳಿಯಲಿಲ್ಲ.
ಸದ್ಯಕ್ಕೆ ಮೇಜಿನ ಮೇಲಿದೆ,
ಫ್ಯಾನಿಗೆ ಹಾರದಂತೆ
ಟೇಪಿನ ಡಬ್ಬಿ ಹೇರಿದ್ದೇನೆ.